ಮಂಡಿಯ ಟಚ್‌ಸ್ಕ್ರೀನಿಗೆ ಪುಟ ತರಿಸುವುದು: ಕ್ಯೂಎಂಎಲ್‌ನಲ್ಲಿ ನಾನು ಮಾಡಿ ನೋಡಿದ ದಾರಿಗಳು

ಶಿವಮೊಗ್ಗದಲ್ಲಿ ನಮ್ಮ ಚಿಕ್ಕಪ್ಪನದು ಅಡಿಕೆ ಮಂಡಿ. ತೂಕದ ಯಂತ್ರದ ಪಕ್ಕ ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್ ಇದೆ, ಅದಕ್ಕೆ ಏಳು ಇಂಚಿನ ಟಚ್‌ಸ್ಕ್ರೀನ್. ಚೀಲ ಇಟ್ಟು ಅಂಕಿ ನಿಂತ ಕೂಡಲೇ ತೂಕ ಕೇಬಲ್‌ನಲ್ಲಿ ಬಂದು ತಾನಾಗಿ ಲೆಕ್ಕಕ್ಕೆ ಸೇರಬೇಕು. ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಅಂತ ಬಗೆ ಆರಿಸುವುದು, ದರ ಹಾಕುವುದು, ಮರುತೂಕ, ರೈತರ ಪಟ್ಟಿ, ಪ್ರಿಂಟು, ಹೀಗೆ ಒಟ್ಟು ಏಳು ಪುಟ. ಇದನ್ನೆಲ್ಲ ನಾನು ಬರೆದದ್ದು ಕ್ಯೂಎಂಎಲ್‌ನಲ್ಲಿ. ಸ್ಕ್ರೀನಿನ ಪ್ರೋಗ್ರಾಂ ಬರೆಯಲು ಸಿದ್ಧ ಸಾಮಾನು ಕೊಡುವ ಕ್ಯೂಟ್ ಅನ್ನುವ ಫ್ರೇಮ್‌ವರ್ಕಿನ ಭಾಷೆ ಅದು, 2010ರಲ್ಲಿ ಕ್ಯೂಟ್ 4.7ರ ಜೊತೆ ಬಂತು. 'ಹೀಗೆ ಮಾಡು, ಆಮೇಲೆ ಹಾಗೆ ಮಾಡು' ಅಂತ ಇಲ್ಲಿ ಬರೆಯುವುದಿಲ್ಲ. 'ಇದು ಹೀಗಿರಬೇಕು' ಅಂತ ಬರೆದಿಟ್ಟರೆ ಉಳಿದದ್ದು ಅದೇ ನೋಡಿಕೊಳ್ಳುತ್ತದೆ.

ನನ್ನ ತಲೆಬಿಸಿ ಇದ್ದದ್ದು ಒಂದೇ ವಿಷಯದಲ್ಲಿ. ಏಳು ಪುಟದಲ್ಲಿ ಒಂದು ಹೊತ್ತಿಗೆ ಕಾಣುವುದು ಒಂದು. ಉಳಿದ ಆರು ಎಲ್ಲಿರಬೇಕು? ಯಾವಾಗ ಹುಟ್ಟಬೇಕು, ಯಾವಾಗ ಹೋಗಬೇಕು? ಒಂದು ಅಡಿಕೆ ಸೀಸನ್ ಪೂರ್ತಿ ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಏಳೂ ಪುಟಗಳನ್ನು ಒಂದೇ ಕಡೆ ಬರೆದು, ಬೇಡದವುಗಳ ವಿಸಿಬಲ್ ಅನ್ನು ಫಾಲ್ಸ್ ಮಾಡಿದೆ, ಅಂದರೆ ಕಾಣದ ಹಾಗೆ ಮಾಡಿದೆ. ಬರೆಯಲು ಇಷ್ಟು ಸಲೀಸಾದದ್ದು ಬೇರೆ ಇಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವುದು ಕಣ್ಣು ಮಿಟುಕಿಸಿದಷ್ಟು ಬೇಗ. ಅರ್ಧ ತುಂಬಿದ ಹೆಸರು ವಾಪಸ್ ಬಂದಾಗಲೂ ಅಲ್ಲೇ ಇರುತ್ತದೆ. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಎಷ್ಟು ಸಲ ಅಂತ ನಿಮಗೆ ಗೊತ್ತಲ್ವಾ? ಪ್ರತಿ ಸಲವೂ ಪೈ ಎದ್ದು ಏಳು ಪುಟವನ್ನೂ ಕಟ್ಟಿ ಮುಗಿಸುವ ತನಕ ತೂಕದ ಪುಟ ಬರುತ್ತಿರಲಿಲ್ಲ. ಹಮಾಲರು ಚೀಲ ಇಟ್ಟುಕೊಂಡು ನಿಂತಿರುತ್ತಿದ್ದರು.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಒಂದು ದಿನ ಚಿಕ್ಕಪ್ಪ ಕೂಗಿದರು: "ಏ, ಬಾರೋ ಇಲ್ಲಿ. ಚೀಲ ಒಂದು, ಲೆಕ್ಕ ಎರಡು ಬರೆದಿದೆ ನೋಡು ಇದು." ನೋಡಿದರೆ ನಿಜ. ತೂಕದ ಪುಟದಲ್ಲಿ ಒಂದು ಸಾಲು, ಅದರ ಕೆಳಗೆ ಅದೇ ತೂಕದ ಇನ್ನೊಂದು ಸಾಲು. ಸಂಜೆ ತನಕ ಕೂತು ಹುಡುಕಿದ ಮೇಲೆ ಗೊತ್ತಾಯಿತು. ಮರುತೂಕದ ಪುಟವೂ ತೂಕ ಬಂದಾಗ ಹೊರಡುವ ಸಿಗ್ನಲ್‌ಗೆ ಕಿವಿ ಕೊಟ್ಟು ಕೂತಿತ್ತು. ಅದು ಕಾಣುತ್ತಿರಲಿಲ್ಲ, ಅಷ್ಟೇ. ಸತ್ತಿರಲಿಲ್ಲ. ವಿಸಿಬಲ್ ಫಾಲ್ಸ್ ಮಾಡಿದರೆ ಚಿತ್ರ ಬರೆಯುವುದು, ಬೆರಳು ಮುಟ್ಟಿದ್ದನ್ನು ಕೇಳುವುದು, ಇಷ್ಟು ಮಾತ್ರ ನಿಲ್ಲುತ್ತದೆ. ಟೈಮರ್ ಓಡುತ್ತದೆ, ಬೈಂಡಿಂಗ್‌ಗಳು (ಒಂದು ಬದಲಾದರೆ ಇನ್ನೊಂದನ್ನು ತಾನಾಗಿ ಬದಲಿಸುವ ಸಂಬಂಧಗಳು) ಲೆಕ್ಕ ಮಾಡುತ್ತಲೇ ಇರುತ್ತವೆ, ಸಿಗ್ನಲ್ ಬಂದರೆ ಓಗೊಡುತ್ತವೆ. ರೈತರ ದುಡ್ಡಿನ ಲೆಕ್ಕ ಇದು. ಲೆಕ್ಕದ ಪಟ್ಟಿ ಪ್ರಿಂಟ್ ಆಗುವ ಮೊದಲೇ ಸಿಕ್ಕಿತು, ಸರಿ ಹೋಯಿತು. ಅವತ್ತೇ ಈ ದಾರಿ ಬಿಟ್ಟೆ.

ಎರಡನೆಯದು, ಬೇಕಾದಾಗ ಜಾವಾಸ್ಕ್ರಿಪ್ಟ್‌ನಿಂದ (ಕ್ಯೂಎಂಎಲ್ ಒಳಗೇ ಬರೆಯಬಹುದಾದ ಇನ್ನೊಂದು ಭಾಷೆ) ಪುಟ ಹುಟ್ಟಿಸುವುದು. ಕ್ರಿಯೇಟ್‌ಕಾಂಪೊನೆಂಟ್ ಅಂತ ಫೈಲ್ ಓದಿಸಿ, ಕ್ರಿಯೇಟ್‌ಆಬ್ಜೆಕ್ಟ್ ಅಂತ ಕರೆದರೆ ಪುಟ ಎದ್ದು ಬರುತ್ತದೆ. ಪೇರೆಂಟ್ ಯಾರು, ಅಂದರೆ ಪುಟ ಯಾವುದರೊಳಗೆ ಕೂರಬೇಕು ಅಂತ ಹೇಳಲೇಬೇಕು, ಇಲ್ಲದಿದ್ದರೆ ಸ್ಕ್ರೀನ್ ಮೇಲೆ ಏನೂ ಕಾಣುವುದಿಲ್ಲ. ಕೆಲಸ ಮುಗಿದ ಮೇಲೆ ಡಿಸ್ಟ್ರಾಯ್ ಅಂತ ನಾವೇ ಹೇಳಬೇಕು. ಸಿ++ ಬರೆದು ಅಭ್ಯಾಸ ಇರುವವರಿಗೆ ಇದು ಮನೆಗೆ ಬಂದ ಹಾಗೆ ಅನಿಸುತ್ತದೆ. ನನಗೂ ಅನಿಸಿತ್ತು. ಎರಡು ಕಡೆ ಎಡವಿದೆ.

ಒಂದು, ಡಿಸ್ಟ್ರಾಯ್ ಮರೆತದ್ದು. ವಾಪಸ್ ಹೋಗುವ ಬಟನ್‌ನಲ್ಲಿ ಬರೆದಿದ್ದೆ, ಪ್ರಿಂಟ್ ಆದ ಮೇಲೆ ತಾನಾಗಿ ಹಿಂದೆ ಹೋಗುವ ದಾರಿಯಲ್ಲಿ ಬರೆದಿರಲಿಲ್ಲ. ಬೆಳಿಗ್ಗೆ ಚುರುಕಾಗಿದ್ದ ಸ್ಕ್ರೀನ್ ಸಂಜೆ ಹೊತ್ತಿಗೆ ಎಳೆಯುತ್ತಿತ್ತು. ಪೈ 3ರಲ್ಲಿ ಇರುವ ಮೆಮೊರಿಯೇ 1 ಜಿಬಿ. ಪ್ರಿಂಟ್ ಆದ ಪ್ರತಿ ಪಟ್ಟಿಯ ಪುಟವೂ ಒಂದರ ಹಿಂದೆ ಒಂದು ಪೇರಿಸಿಕೊಂಡಿತ್ತು.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಹುಟ್ಟಿಸುವಾಗ ದರವನ್ನೂ ಕೊಟ್ಟು ಕಳಿಸಿದ್ದೆ, 'ದರ: ಮಂಡಿಯ ದರ' ಅಂತ. ಮಧ್ಯಾಹ್ನ ಚಿಕ್ಕಪ್ಪ ರಾಶಿ ದರ ಬದಲಿಸಿದರು. ತೆರೆದಿದ್ದ ಪುಟದಲ್ಲಿ ಹಳೇ ದರವೇ ನಿಂತಿತ್ತು. ಏಕೆಂದರೆ ಅಲ್ಲಿ ಹೋದದ್ದು ಆ ಹೊತ್ತಿನ ಸಂಖ್ಯೆ ಮಾತ್ರ, ಸಂಬಂಧ ಹೋಗಿರಲಿಲ್ಲ. ಕ್ಯೂಎಂಎಲ್ ಫೈಲಿನೊಳಗೆ ಅದೇ ಸಾಲು ಬರೆದರೆ ಅದು ಬೈಂಡಿಂಗ್, ದರ ಬದಲಾದರೆ ತಾನೂ ಬದಲಾಗುತ್ತದೆ. ಜಾವಾಸ್ಕ್ರಿಪ್ಟ್ ಕಡೆಯಿಂದ ಕೊಟ್ಟರೆ ಸುಮ್ನೆ ಒಂದು ಸಂಖ್ಯೆ. ಕ್ಯೂಟ್.ಬೈಂಡಿಂಗ್ ಅಂತ ಸುತ್ತಿ ಕೊಟ್ಟರೆ ಸರಿಯಾಗುತ್ತದೆ, ಸುತ್ತಿ ಕೊಟ್ಟೆ. ಆದರೆ ಪ್ರತಿ ಪುಟಕ್ಕೂ ಪ್ರತಿ ಪ್ರಾಪರ್ಟಿಗೂ (ದರದಂಥ ಪ್ರತಿ ಗುಣಕ್ಕೂ) ಅದನ್ನು ನೆನಪಿಟ್ಟು ಬರೆಯುವುದಾದರೆ ಈ ಭಾಷೆ ಹಿಡಿದದ್ದಾದರೂ ಯಾಕೆ ಅನಿಸಿತು.

ಕ್ಯೂಎಂಎಲ್ ಅನ್ನೇ ಸ್ಟ್ರಿಂಗ್‌ನಲ್ಲಿ (ಬರೀ ಅಕ್ಷರಗಳ ಸಾಲಾಗಿ) ಬರೆದು ಓಡಿಸುವ ಕ್ರಿಯೇಟ್‌ಕ್ಯೂಎಂಎಲ್‌ಆಬ್ಜೆಕ್ಟ್ ಕೂಡ ಇದೆ. ಒಂದು ಮಧ್ಯಾಹ್ನ ನೋಡಿ ಬಿಟ್ಟೆ. ಪ್ರತಿ ಸಲ ಹೊಸದಾಗಿ ಕಂಪೈಲ್ ಆಗಬೇಕು (ಬರೆದದ್ದನ್ನು ಓದಿ ಓಡಿಸಲು ಸಿದ್ಧ ಮಾಡಬೇಕು), ತಪ್ಪಿದ್ದರೆ ಓಡುವಾಗಲೇ ತಿಳಿಯುವುದು.

ಈಗ ಲೋಡರ್‌ಗೆ ಬರುತ್ತೇನೆ. ನಾನು ಕೊನೆಗೆ ನೆಚ್ಚಿಕೊಂಡದ್ದು ಇದನ್ನೇ. ಲೋಡರ್ ಅಂದರೆ ಒಂದು ಖಾಲಿ ಜಾಗ. ಅದರ ಸೋರ್ಸ್‌ಗೆ ಫೈಲಿನ ಹೆಸರು ಕೊಟ್ಟರೆ ಆ ಪುಟ ಅಲ್ಲಿ ಬಂದು ಕೂರುತ್ತದೆ. ಬೇರೆ ಹೆಸರು ಕೊಟ್ಟರೆ ಮೊದಲಿನದನ್ನು ತಾನೇ ಅಳಿಸಿ ಹೊಸದನ್ನು ತರುತ್ತದೆ. 2012ರ ಡಿಸೆಂಬರ್‌ನಲ್ಲಿ ಕ್ಯೂಟ್ 5 ಬಂದಾಗ ಇದಕ್ಕೆ ಆ್ಯಕ್ಟಿವ್ ಅನ್ನುವ ಪ್ರಾಪರ್ಟಿ ಸೇರಿತು. ನನ್ನ ಮಟ್ಟಿಗೆ ಇಡೀ ವ್ಯತ್ಯಾಸ ಇರುವುದು ಅಲ್ಲೇ. 'ಆ್ಯಕ್ಟಿವ್: ಈಗಿನ ಪುಟ ಮರುತೂಕವೇ' ಅಂತ ಒಂದು ಸಾಲು. ಹೌದಾದರೆ ಪುಟ ಹುಟ್ಟುತ್ತದೆ, ಅಲ್ಲವಾದರೆ ನಿಜವಾಗಿ ಹೋಗುತ್ತದೆ. ಅದರ ಟೈಮರ್ ಇಲ್ಲ, ಅದರ ಕಿವಿ ಇಲ್ಲ. ಎರಡೆರಡು ಚೀಲದ ತೊಂದರೆ ಬುಡಸಮೇತ ಹೋಯಿತು. ಡಿಸ್ಟ್ರಾಯ್ ನೆನಪಿಡುವುದೂ ಬೇಡ. ಪುಟವನ್ನು ಬೇರೆ ಫೈಲಿನಲ್ಲಿಡದೆ ಸೋರ್ಸ್‌ಕಾಂಪೊನೆಂಟ್ ಆಗಿ ಅಲ್ಲೇ ಬರೆದರೆ ಸುತ್ತಲಿನ ಐಡಿಗಳು, ಅಂದರೆ ನಾವು ಇಟ್ಟ ಹೆಸರುಗಳು, ಅದಕ್ಕೆ ಕಾಣುತ್ತವೆ, ದರದ ಬೈಂಡಿಂಗೂ ಜೀವಂತ ಇರುತ್ತದೆ.

ಹಾಗಂತ ಮೊದಲ ದಿನವೇ ಎಲ್ಲ ಸರಿ ಇರಲಿಲ್ಲ. ದರದ ಪುಟ ಒಂದು ಸಲ ಮುಚ್ಚಿದರೆ ಮತ್ತೆ ತೆರೆಯುತ್ತಲೇ ಇರಲಿಲ್ಲ. ಮುಚ್ಚುವ ಬಟನ್‌ನಲ್ಲಿ 'ಲೋಡರ್.ಆ್ಯಕ್ಟಿವ್ = ಫಾಲ್ಸ್' ಅಂತ ಬರೆದಿದ್ದೆ. ಹಾಗೆ ನೇರವಾಗಿ ಫಾಲ್ಸ್ ಹಾಕಿದ ಕ್ಷಣಕ್ಕೆ ಮೊದಲಿದ್ದ ಬೈಂಡಿಂಗ್ ಕಡಿದು ಹೋಗುತ್ತದೆ. ಆಮೇಲೆ ಈಗಿನ ಪುಟ ಯಾವುದಾದರೂ ಅದಕ್ಕೆ ಗೊತ್ತಾಗುವುದಿಲ್ಲ. ಬಟನ್ ಮುಟ್ಟಬೇಕಾದದ್ದು 'ಈಗಿನ ಪುಟ' ಅನ್ನುವುದನ್ನು, ಲೋಡರ್ ಅನ್ನಲ್ಲ. ಇದು ತಲೆಗೆ ಹತ್ತಿದ ಮೇಲೆ ನನ್ನ ಅರ್ಧ ಕೋಡ್ ಅಳಿಸಿದೆ.

ಇನ್ನು, ಪುಟ ಹೋದರೆ ಅದರಲ್ಲಿ ತುಂಬಿದ್ದೂ ಹೋಗುತ್ತದೆ. ಹತ್ತು ಚೀಲ ತೂಗಿ ನಡುವೆ ದರ ನೋಡಲು ಹೋಗಿ ಬಂದರೆ ಹತ್ತೂ ಮಾಯ. ಚೀಲದ ಲೆಕ್ಕವನ್ನು ಪುಟದ ಒಳಗಿಂದ ಹೊರಗೆ ತಂದು ಒಂದು ಮಾಡೆಲ್‌ನಲ್ಲಿ (ಮಾಹಿತಿ ಇಡುವ ಬೇರೆಯೇ ಜಾಗ) ಇಟ್ಟೆ. ಲೆಕ್ಕ ಇರಬೇಕಾದದ್ದೂ ಅಲ್ಲೇ, ಪುಟದ ಹೊಟ್ಟೆಯಲ್ಲಲ್ಲ.

ಲೋಡರ್‌ಗೆ ನಾವು ಅಳತೆ ಕೊಟ್ಟರೆ ಒಳಗಿನದನ್ನು ಆ ಅಳತೆಗೆ ಹಿಗ್ಗಿಸುತ್ತದೆ. ಕೊಡದಿದ್ದರೆ ಒಳಗಿನದರ ಅಳತೆಗೆ ತಾನು ಹೊಂದಿಕೊಳ್ಳುತ್ತದೆ. 'ಪೇಪರ್ ಮುಗಿದಿದೆ' ಅನ್ನುವ ಚಿಕ್ಕ ಚೀಟಿ ಇಡೀ 800 x 480 ಸ್ಕ್ರೀನ್ ತುಂಬಿ ನಿಂತಾಗ ಇದು ತಿಳಿಯಿತು. ಹಾಗೆಯೇ ಲೋಡರ್ ಒಂದು ಫೋಕಸ್ ಸ್ಕೋಪ್ ಕೂಡ, ಒತ್ತಿದ ಕೀ ಒಳಗಿನದಕ್ಕೆ ಹೋಗುವುದು ಅದರ ಮೂಲಕವೇ. ಲೆಕ್ಕ ಬರೆಯುವ ನಮ್ಮ ರೈಟರ್ ಬಳಸುವ ಅಂಕಿ ಕೀಪ್ಯಾಡ್ ಕೆಲಸ ಮಾಡಬೇಕಾದರೆ ಪುಟಕ್ಕೆ ಮಾತ್ರ ಅಲ್ಲ, ಲೋಡರ್‌ಗೂ ಫೋಕಸ್ ಟ್ರೂ ಅಂತ ಹೇಳಬೇಕು.

ಕೊನೆಗೆ ಉಳಿದದ್ದು ರೈತರ ಪಟ್ಟಿಯ ಪುಟ. ಅದು ಭಾರ. ತೆರೆಯುವಾಗ ತೂಕದ ಅಂಕಿ ಒಂದು ಕ್ಷಣ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತಿತ್ತು. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬೇಕೆಂದರೆ ಒಂದಕ್ಕೆ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ. ಅಷ್ಟರಲ್ಲಿ ಇಡೀ ಪುಟ ಕಟ್ಟಲಾಗದು. ಅಸಿಂಕ್ರೋನಸ್ ಟ್ರೂ ಮಾಡಿದೆ. ಈಗ ಪುಟವನ್ನು ಹಲವು ಫ್ರೇಮ್‌ಗಳಲ್ಲಿ ಸ್ವಲ್ಪ ಸ್ವಲ್ಪ ಕಟ್ಟುತ್ತದೆ, ಮುಗಿದ ಮೇಲೆ ತೋರಿಸುತ್ತದೆ. ಒಟ್ಟು ಸಮಯ ಕಡಿಮೆ ಆಗಲಿಲ್ಲ, ಆದರೆ ಅಂಕಿ ನಿಲ್ಲುವುದು ನಿಂತಿತು. ಒಂದೇ ಎಚ್ಚರ, ಸ್ಟೇಟಸ್ ರೆಡಿ ಆಗುವ ತನಕ ಲೋಡರ್‌ನ ಐಟಂ (ಒಳಗಿನ ಪುಟ) ನಲ್, ಅಂದರೆ ಖಾಲಿ. ಅದಕ್ಕೂ ಮೊದಲೇ ಕೈ ಹಾಕಿದರೆ ಎರರ್ ಬರುತ್ತದೆ.

ಈಗ ಮಂಡಿಯಲ್ಲಿ ಓಡುತ್ತಿರುವುದು ಮೂರೂ ಬೆರೆತದ್ದು. ತೂಕದ ಪುಟ ಯಾವಾಗಲೂ ಇರುತ್ತದೆ, ಅದಕ್ಕೆ ಲೋಡರ್ ಇಲ್ಲ. ಅದು ಎಲ್ಲಕ್ಕಿಂತ ಮೊದಲು ಬರಬೇಕು, ಯಾವತ್ತೂ ಹೋಗಬಾರದು. ಉಳಿದ ಆರೂ ಲೋಡರ್‌ನಲ್ಲಿ. ಕ್ರಿಯೇಟ್‌ಆಬ್ಜೆಕ್ಟ್ ಇಟ್ಟುಕೊಂಡಿರುವುದು ಒಂದೇ ಕಡೆ, ಚೀಲ ಸೇರಿದಾಗ ಮೂಲೆಯಲ್ಲಿ ಎದ್ದು ಮಾಯವಾಗುವ ಚೀಟಿಗಳಿಗೆ. ಒಟ್ಟಿಗೆ ಎಷ್ಟು ಏಳುತ್ತವೆ ಅಂತ ಮೊದಲೇ ಹೇಳಲಾಗದ ಕಡೆ ಅದೇ ಸರಿ. ಹುಟ್ಟುತ್ತಲೇ ಪ್ರತಿ ಚೀಟಿಯೂ ತನಗೆ ತಾನೇ ಡಿಸ್ಟ್ರಾಯ್ 2000 ಅಂತ ಹೇಳಿಕೊಳ್ಳುತ್ತದೆ. ಎರಡು ಸೆಕೆಂಡ್ ಇದ್ದು ಹೋಗುತ್ತದೆ, ಯಾರೂ ನೆನಪಿಡಬೇಕಿಲ್ಲ. ಮೊನ್ನೆ ಮಳೆಗೆ ಕರೆಂಟ್ ಹೋಗಿ ಬಂದಾಗ ಮೊದಲ ಚೀಲ ತಕ್ಕಡಿ ಹತ್ತುವ ಮೊದಲೇ ಸ್ಕ್ರೀನ್ ಮೇಲೆ ಸೊನ್ನೆ ಬಂದು ಕೂತಿತ್ತು.