10 ಪಟ್ಟಿನ ಮಡಚುವ ಲೆನ್ಸ್: ಗದ್ದೆ, ತೋಟಗಳ ಜೇಡಗಳನ್ನು ಗುರುತಿಸಲು ಸಾಕೇ?

ಮಂಡ್ಯ ಕಡೆಯ ಭತ್ತದ ರೈತರು ಔಷಧಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಕೊಂಡಿಟ್ಟುಕೊಳ್ಳಬೇಕಾದ ಸಾಮಾನು ಯಾವುದೆಂದು ಯಾರಾದರೂ ಕೇಳಿದರೆ, 10 ಪಟ್ಟು ಹಿಗ್ಗಿಸಿ ತೋರಿಸುವ, ಮಡಚಿ ಜೇಬಿಗೆ ಹಾಕಿಕೊಳ್ಳಬಹುದಾದ ಲೋಹದ ಲೆನ್ಸ್ ಎಂದೇ ನಾನು ಹೇಳುತ್ತೇನೆ. ಕಾಲೇಜುಗಳಿಗೆ ಪ್ರಯೋಗಾಲಯದ ಸಾಮಗ್ರಿ ಒದಗಿಸುವ ಮೈಸೂರಿನ ಅಂಗಡಿಯೊಂದರಲ್ಲಿ ಸುಮಾರು 400 ರೂಪಾಯಿಗೆ ಕೊಂಡ ಈ ಲೆನ್ಸನ್ನು ಕಳೆದ ಮುಂಗಾರಿನ ನಾಟಿಯಿಂದ ಕೊಯ್ಲಿನವರೆಗೆ ಕಾಲುವೆ ನೀರಿನ ಗದ್ದೆಯಲ್ಲೂ ಅದಕ್ಕೆ ಹೊಂದಿಕೊಂಡ ಮಾವು, ತೆಂಗಿನ ತೋಟದಲ್ಲೂ ಬಳಸಿದ್ದೇನೆ. ಜೇಡಗಳನ್ನು ಗುರುತಿಸುವ ಕೆಲಸಕ್ಕೆ ಅದು ಎಷ್ಟರಮಟ್ಟಿಗೆ ಒದಗಿತು ಎಂಬುದಷ್ಟೇ ಇಲ್ಲಿಯ ವಿಷಯ.

ಮೊದಲು ಕೊಳ್ಳುವಾಗಿನ ಎಚ್ಚರಿಕೆಯ ಮಾತು. ಅದೇ ಅಂಗಡಿಯಲ್ಲಿ 30 ಪಟ್ಟು ಎಂದು ಕೊರೆದಿದ್ದ, 21 ಮಿಲಿಮೀಟರ್ ಅಗಲದ ಮತ್ತೊಂದು ಲೆನ್ಸ್ ಇದರ ಅರ್ಧ ಬೆಲೆಗೆ ಸಿಗುತ್ತಿತ್ತು. ಹಿಗ್ಗುವಿಕೆಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಛಾವಣಿಯ ಟ್ಯೂಬ್‌ಲೈಟಿನ ಬಿಂಬವನ್ನು ಲೆನ್ಸಿನ ಮೂಲಕ ಬಿಳಿ ಕಾಗದದ ಮೇಲೆ ಸ್ಪಷ್ಟವಾಗಿ ಬೀಳಿಸಿ, ಲೆನ್ಸಿಗೂ ಕಾಗದಕ್ಕೂ ಇರುವ ಅಂತರವನ್ನು ಸೆಂಟಿಮೀಟರಿನಲ್ಲಿ ಅಳೆದು, 25ನ್ನು ಆ ಅಂಕಿಯಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ತಿಳಿಯುತ್ತದೆ. ನಿಜಕ್ಕೂ 30 ಪಟ್ಟಿನದಾಗಿದ್ದರೆ ಆ ಅಂತರ ಒಂದು ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಅಂಗಡಿಯ ಕಟ್ಟೆಯ ಮೇಲೆಯೇ ಅಳೆದಾಗ ಎರಡೂವರೆ ಸೆಂಟಿಮೀಟರ್ ಬಂತು, ಅಂದರೆ ಅದೂ 10 ಪಟ್ಟಿನದೇ. ಸಾಲದ್ದಕ್ಕೆ ಒಂದೇ ಗಾಜಿನದಾದ್ದರಿಂದ ಅಂಚಿನಲ್ಲಿ ನೀಲಿ, ಕೆಂಪು ಬಣ್ಣ ಒಡೆಯುತ್ತಿತ್ತು. ನಾನು ಕೊಂಡದ್ದು ಮೂರು ಗಾಜುಗಳನ್ನು ಅಂಟಿಸಿ ಮಾಡಿದ್ದು, ಅದರಲ್ಲಿ ಬಣ್ಣದ ಅಂಚು ಕಾಣುವುದಿಲ್ಲ. ಜೇಡದ ಕಣ್ಣುಗಳನ್ನು ಎಣಿಸಬೇಕಾದವರಿಗೆ ಈ ವ್ಯತ್ಯಾಸ ದೊಡ್ಡದು.

ಕಣ್ಣುಗಳನ್ನು ಏಕೆ ಎಣಿಸಬೇಕು? ಬಹುಪಾಲು ಜೇಡಗಳಿಗೆ 8 ಕಣ್ಣುಗಳಿದ್ದು, ಅವು ಜೋಡಣೆಯಾಗಿರುವ ರೀತಿಯೇ ಅವುಗಳ ಕುಟುಂಬವನ್ನು ಹೇಳಿಬಿಡುತ್ತದೆ. ಭತ್ತದ ಬುಡವನ್ನು ಕೈಯಿಂದ ಸರಿಸಿದ ಕೂಡಲೇ ನೀರಿನ ಮೇಲೆಯೇ ಓಡಿ ತಪ್ಪಿಸಿಕೊಳ್ಳುವ ಕಂದು ಬಣ್ಣದ ಜೇಡವನ್ನು ಪಾರದರ್ಶಕ ಡಬ್ಬಿಯಲ್ಲಿ ಹಿಡಿದು ಲೆನ್ಸಿನಡಿ ನೋಡಿದರೆ, ಮುಂದಿನ ಸಾಲಿನಲ್ಲಿ ನಾಲ್ಕು ಪುಟ್ಟ ಕಣ್ಣುಗಳು, ಅವುಗಳ ಮೇಲೆ ಎದುರಿಗೇ ದಿಟ್ಟಿಸುವ ಎರಡು ದೊಡ್ಡ ಕಣ್ಣುಗಳು, ಇನ್ನೂ ಹಿಂದೆ ಮತ್ತೆರಡು ಕಾಣುತ್ತವೆ. ಅದು ತೋಳ ಜೇಡ, ಲೈಕೋಸಿಡೇ ಕುಟುಂಬದ್ದು. ಬೆನ್ನಿನ ಮುಂಭಾಗದಲ್ಲಿ ಕವಲೊಡೆದ ಗುರುತಿದ್ದರೆ ಅದು ಭತ್ತದ ಗದ್ದೆಗಳಲ್ಲಿ ಎಲ್ಲೆಡೆ ಸಿಗುವ ಪಾರ್ಡೋಸಾ ಸ್ಯೂಡೋಆನ್ಯುಲೇಟಾ. ಹೆಣ್ಣು ತನ್ನ ಮೊಟ್ಟೆಯ ಚೀಲವನ್ನು ಹೊಟ್ಟೆಯ ತುದಿಗೆ ಅಂಟಿಸಿಕೊಂಡೇ ಓಡಾಡುತ್ತದೆ, ಮರಿಗಳು ಹೊರಬಂದ ಮೇಲೆ ಬೆನ್ನ ಮೇಲೆ ಹೊರುತ್ತದೆ. ಬರಿಗಣ್ಣಿಗೆ ಬೆನ್ನು ನವಿರೆದ್ದಂತೆ ಮಾತ್ರ ಕಾಣುವ ಅಂಥ ತಾಯಿಯನ್ನು ಲೆನ್ಸಿನಡಿ ಹಿಡಿದಾಗ ಒಂದರ ಮೇಲೊಂದು ಹತ್ತಿ ಕುಳಿತ ಮರಿಗಳ ಕಾಲುಗಳೂ ಬಿಡಿಬಿಡಿಯಾಗಿ ಕಂಡವು; ಕೊಟ್ಟ ದುಡ್ಡು ಅಲ್ಲಿಗೆ ವಸೂಲಾಯಿತು.

ಅದೇ ಗದ್ದೆಯ ಎಲೆಗಳ ಮೇಲೆ, ಕಾಲುಗಳನ್ನು ಮುಂದಕ್ಕೂ ಹಿಂದಕ್ಕೂ ಚಾಚಿ ಎಲೆಯ ನರದಂತೆಯೇ ಮಲಗುವ ಟೆಟ್ರಾಗ್ನಾತಾ ಜೇಡ ಸಿಗುತ್ತದೆ. ಉದ್ದನೆಯ ದವಡೆಗಳನ್ನು ನೋಡಿದ ಮೇಲೆ ಇನ್ನೊಂದರೊಂದಿಗೆ ಗೊಂದಲವಾಗುವುದಿಲ್ಲ. ಬಲೆ ಕಟ್ಟದೆ ಎಲೆಯಿಂದೆಲೆಗೆ ನೆಗೆದು ಬೇಟೆಯಾಡುವ ಆಕ್ಸಿಯೋಪಿಸ್‌ನ ಕಾಲುಗಳ ಮೇಲೆ ನೆಟ್ಟಗೆ ನಿಂತ ಮುಳ್ಳುಗಳು, ಆರು ಮೂಲೆಯಾಕಾರದಲ್ಲಿ ಜೋಡಣೆಯಾದ ಕಣ್ಣುಗಳು ಸ್ಪಷ್ಟವಾಗಿ ಕಾಣುತ್ತವೆ. ಬದುವಿನ ಹೂಗಳಲ್ಲಿ ಹೊಂಚು ಹಾಕುವ ಏಡಿ ಜೇಡವೂ ಉಂಟು, ಅದು ಜೇನುನೊಣವನ್ನೂ ಬಿಡುವುದಿಲ್ಲವಾದ್ದರಿಂದ ಎಲ್ಲ ಜೇಡಗಳನ್ನೂ ಕಣ್ಣು ಮುಚ್ಚಿ ಹೊಗಳುವುದು ತರವಲ್ಲ.

ಇದೆಲ್ಲ ಕೇವಲ ಕುತೂಹಲಕ್ಕಾಗಿ ಅಲ್ಲ. ಬುಡದಲ್ಲಿ ರಸ ಹೀರಿ, ಬೆಳೆ ಸುಟ್ಟಂತೆ ಒಣಗುವಂತೆ ಮಾಡುವ ಕಂದು ಜಿಗಿಹುಳುವಿನ ವಿಷಯದಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಜೇಡಗಳನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ: ಜೇಡಗಳಿಲ್ಲದ ಗದ್ದೆಯಲ್ಲಿ ಪ್ರತಿ ತೆಂಡೆಗೆ, ಅಂದರೆ ಬುಡದಿಂದ ಒಡೆದ ಒಂದೊಂದು ಕವಲಿಗೆ, 1 ಜಿಗಿಹುಳು ಕಂಡರೆ ಔಷಧಿಯ ಯೋಚನೆ ಮಾಡಬೇಕು, ಬುಡಕ್ಕೊಂದು ಜೇಡವಿದ್ದರೆ 2 ಆಗುವವರೆಗೆ ಕಾಯಬಹುದು. ಒಂದು ತೋಳ ಜೇಡ ದಿನಕ್ಕೆ 5ರಿಂದ 15 ಕೀಟಗಳನ್ನು ತಿನ್ನುತ್ತದೆಂದು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುತ್ತದೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಔಷಧಿಯನ್ನು ಅವಸರದಿಂದ ಹೊಡೆದರೆ ಜೇಡಗಳು ಮೊದಲು ಸಾಯುತ್ತವೆ, ಆಮೇಲೆ ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಏಳುತ್ತದೆ. ಹಾಗಾಗಿ ಬುಡದಲ್ಲಿ ಓಡಾಡುವ ಚುಕ್ಕೆ ಜಿಗಿಹುಳುವಿನ ಮರಿಯೋ ಜೇಡವೋ ಎಂದು ನಿಂತಲ್ಲೇ ತಿಳಿಯುವುದಕ್ಕೆ ಲೆನ್ಸ್ ಬೇಕು. ಇಂಥ ಚುಕ್ಕೆಗಳಲ್ಲಿ ನೀರಿನ ಮಟ್ಟಕ್ಕೆ ಹತ್ತಿರ ವಾಸಿಸುವ, 2-3 ಮಿಲಿಮೀಟರಿನ ಗಿಡ್ಡ ಜೇಡ ಅಟೈಪೆನಾ ಬಹಳ ಮುಖ್ಯ, ಏಕೆಂದರೆ ಅದು ಜಿಗಿಹುಳುವಿನ ಮರಿಗಳನ್ನೇ ಹಿಡಿಯುತ್ತದೆ. ಆದರೆ 10 ಪಟ್ಟು ಇದಕ್ಕೆ ತೀರಾ ಅಂಚಿನ ಮಾತು: ಎಂಟು ಕಾಲು ಎಂದು ಖಾತ್ರಿಯಾಗುತ್ತದೆ, ಕಣ್ಣಿನ ಜೋಡಣೆ ಹಿಡಿತಕ್ಕೆ ಸಿಗುವುದಿಲ್ಲ.

ತೋಟದಲ್ಲಿ ಲೆನ್ಸಿನ ಕೆಲಸ ಬೇರೆಯದೇ. ತೆಂಗಿನ ಮರಗಳ ನಡುವೆ ಹೊಂಬಣ್ಣದ ದೊಡ್ಡ ಬಲೆ ಕಟ್ಟುವ ನೆಫಿಲಾಕ್ಕೆ, ಬಲೆಯ ಮಧ್ಯೆ ಗುಣಾಕಾರದ ಗುರುತಿನಂತೆ ಬಿಳಿ ನೂಲು ಹೆಣೆಯುವ ಆರ್ಜಿಯೋಪಿಗೆ ಲೆನ್ಸೇ ಬೇಡ. ಮಾವಿನ ಮರದಲ್ಲಿ ಎಲೆಗಳನ್ನು ಹೆಣೆದು ಗೂಡು ಮಾಡುವ ಕೆಂಜಿಗದ ಸಾಲಿನ ಬಳಿ ಮಾತ್ರ ಒಮ್ಮೆ ನಿಂತು ನೋಡಲೇಬೇಕು. ಅವುಗಳ ನಡುವೆ, ಇರುವೆಯ ವೇಷದಲ್ಲಿ ಮಿರ್ಮಾಪ್ಲೇಟಾ ಎಂಬ ಜಿಗಿಯುವ ಜೇಡ ಓಡಾಡುತ್ತಿರುತ್ತದೆ. ಅದು ಮುಂಗಾಲುಗಳೆರಡನ್ನು ಎತ್ತಿ ಮೀಸೆಯಂತೆ ಆಡಿಸುವುದರಿಂದ ಬರಿಗಣ್ಣು ಮೋಸಹೋಗುತ್ತದೆ. ಲೆನ್ಸಿನಲ್ಲಿ ಮುಖದ ಮುಂದಿನ ಎರಡು ದೊಡ್ಡ ಕಣ್ಣುಗಳು ಕಂಡ ಮೇಲೆ ಗುಟ್ಟು ಬಯಲು. ಗಂಡಿನ ದವಡೆ ಎಷ್ಟು ಉದ್ದವೆಂದರೆ ಇರುವೆಯೊಂದು ಇನ್ನೊಂದನ್ನು ಹೊತ್ತು ಸಾಗುತ್ತಿರುವಂತೆ ತೋರುತ್ತದೆ.

ಇನ್ನು ಕೊರತೆಗಳು. ವಸ್ತುವಿಗೂ ಗಾಜಿಗೂ ಎರಡೂವರೆ ಸೆಂಟಿಮೀಟರ್ ಮಾತ್ರ ಅಂತರವಿರುವುದರಿಂದ ಬಿಟ್ಟ ಜೇಡ ನಿಲ್ಲುವುದಿಲ್ಲ, ನಮ್ಮ ತಲೆಯ ನೆರಳೂ ಅದರ ಮೇಲೆ ಬೀಳುತ್ತದೆ. ಡಬ್ಬಿಯಿಲ್ಲದೆ ಕೆಲಸ ನಡೆಯದು. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಡಬ್ಬಿಯನ್ನು ಅದರತ್ತ ತರಬೇಕೇ ಹೊರತು, ತೋಳುದ್ದದಲ್ಲಿ ಹಿಡಿದು ಬಗ್ಗಿ ನೋಡಿದರೆ ಏನೂ ಕಾಣುವುದಿಲ್ಲ. ಬೆಳಗಿನ ಇಬ್ಬನಿಯಲ್ಲಿ ಗಾಜು ಮಂಜಾಗುತ್ತದೆ. ಮಡಚುವ ಕೀಲಿನ ಸ್ಕ್ರೂ ಕೊಯ್ಲಿನ ಹೊತ್ತಿಗೆ ಸಡಿಲವಾಯಿತು, ಕನ್ನಡಕದ ಅಂಗಡಿಯಲ್ಲಿ ಬಿಗಿ ಮಾಡಿಸಬೇಕಾಯಿತು. ಜೊತೆಗೆ ಬಂದ ಚರ್ಮದ ಚೀಲಕ್ಕೆ ದಾರವೇ ಇಲ್ಲ. ಕೆಸರುಗದ್ದೆಯಲ್ಲಿ ಕೈಜಾರಿದ ಬೆಳ್ಳಿ ಬಣ್ಣದ ಸಾಮಾನನ್ನು ಹುಡುಕಿದವರಿಗೆ ಇದು ಎಂಥ ಲೋಪವೆಂದು ಗೊತ್ತು.

ಜಾತಿಯ ಹೆಸರೇ ಬೇಕೆನ್ನುವವರು ಇದನ್ನು ನಂಬಿ ಕೂರಬಾರದು. ಜಗತ್ತಿನಲ್ಲಿ 50,000ಕ್ಕೂ ಹೆಚ್ಚು ಜೇಡ ಪ್ರಭೇದಗಳು ದಾಖಲಾಗಿದ್ದು, ಹೆಚ್ಚಿನವನ್ನು ಬೇರ್ಪಡಿಸಲು ಜನನಾಂಗಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಬಾಯಿಯ ಪಕ್ಕದ ಸ್ಪರ್ಶಾಂಗದ ತುದಿ ದಪ್ಪಗೆ ಊದಿದ್ದರೆ ಅದು ಬಲಿತ ಗಂಡು ಎಂಬಷ್ಟನ್ನು ಲೆನ್ಸ್ ತಿಳಿಸುತ್ತದೆ, ಅಲ್ಲಿಗೆ ಅದರ ಶಕ್ತಿ ಮುಗಿಯಿತು. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸನ್ನೂ ಪಕ್ಕದಲ್ಲಿಟ್ಟು ನೋಡಿದೆ. ಚಿತ್ರ ಉಳಿಯುತ್ತದೆಂಬ ಅನುಕೂಲ ಬಿಟ್ಟರೆ, ಗಾಳಿಗೆ ತೂಗುವ ಎಲೆಯ ಮೇಲೆ ಫೋಕಸ್ ಹಿಡಿಯುವಷ್ಟರಲ್ಲಿ ಜೇಡ ಎಲೆಯಡಿಗೆ ಸರಿದಿರುತ್ತದೆ.

ಗದ್ದೆಯನ್ನು ತಾನೇ ಸುತ್ತಿ ನೋಡುವ ರೈತರಿಗೆ, ಕೃಷಿ ಡಿಪ್ಲೊಮಾ ಓದುವ ಮಕ್ಕಳಿಗೆ 10 ಪಟ್ಟಿನ ಮೂರು ಗಾಜಿನ ಲೆನ್ಸ್ ಸಾಕು, 5ರಲ್ಲಿ 4 ಅಂಕ ಕೊಡುತ್ತೇನೆ. ಗಿಡ್ಡ ಜೇಡಗಳ ಹಿಂದೆ ಬಿದ್ದವರು 20 ಪಟ್ಟಿನದನ್ನು, ಟ್ಯೂಬ್‌ಲೈಟಿನ ಕೆಳಗೆ ಅಳೆದು ನೋಡಿಯೇ, ಇನ್ನೊಂದಾಗಿ ಕೊಳ್ಳಬಹುದು. ಎರಡಕ್ಕೂ ಕೊರಳಿಗೆ ಹಾಕುವ ದಾರವನ್ನು ಅದೇ ದಿನ ಕಟ್ಟಿಕೊಳ್ಳಿ.