ತೇಕ್ಕಡಿಯ ಬಿದಿರು ತೆಪ್ಪ: ಟಿಕೆಟ್ ದುಡ್ಡಿನ ಜಾಡು ಹಿಡಿದು ಒಂದು ವಿಮರ್ಶೆ

ಕೇರಳದ ತೇಕ್ಕಡಿಯಲ್ಲಿರುವ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶಕ್ಕೆ ನಮ್ಮ ಕಡೆಯಿಂದ ಹೋಗುವವರಲ್ಲಿ ಹೆಚ್ಚಿನವರು ದೊಡ್ಡ ಬೋಟು ಹತ್ತಿ, ಒಂದೂವರೆ ಗಂಟೆ ಜಲಾಶಯ ಸುತ್ತಿ, ಪಕ್ಕದ ಕುಮಿಳಿ ಪೇಟೆಯಲ್ಲಿ ಏಲಕ್ಕಿ, ಮೆಣಸು ಕೊಂಡು ಮುನ್ನಾರಿನ ದಾರಿ ಹಿಡಿಯುತ್ತಾರೆ. ಆದರೆ ಅದೇ ಕಾಡಿನಲ್ಲಿ ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಐದರ ಹೊತ್ತಿಗೆ ವಾಪಸ್ ಬರುವ ಇನ್ನೊಂದು ಸೇವೆಯಿದೆ. ಸ್ವಲ್ಪ ದೂರ ನಡಿಗೆ, ಆಮೇಲೆ ಬಿದಿರಿನ ತೆಪ್ಪದಲ್ಲಿ ಹುಟ್ಟು ಹಾಕಿಕೊಂಡು ನೀರಿನ ಮೇಲೆ, ನಡುವೆ ದಡದಲ್ಲಿ ಊಟ. ಕಾಡು ಉಳಿಸುವ ಕೆಲಸವನ್ನು ಪ್ರವಾಸೋದ್ಯಮದ ಒಳಗೇ ಹೆಣೆಯುವುದು ಹೇಗೆ ಎಂದು ಕೇಳುವವರಿಗೆ ದಕ್ಷಿಣ ಭಾರತದಲ್ಲಿ ತೋರಿಸಬಹುದಾದ ಗಟ್ಟಿ ಉದಾಹರಣೆ ಇದು. ಆದ್ದರಿಂದ ಸೇವೆಯನ್ನೂ ಅದರ ಹಿಂದಿನ ಯೋಜನೆಯನ್ನೂ ಒಟ್ಟಿಗೇ ನೋಡುವುದು ಸರಿ.

ಮೊದಲು ಸೇವೆ. ಒಂದು ತಂಡದಲ್ಲಿ ಪ್ರವಾಸಿಗರು ಹತ್ತಕ್ಕಿಂತ ಹೆಚ್ಚಿರುವುದಿಲ್ಲ. ಜೊತೆಗೆ ಊರಿನ ಮಾರ್ಗದರ್ಶಕರು, ಕೋವಿ ಹಿಡಿದ ಒಬ್ಬ ಅರಣ್ಯ ಸಿಬ್ಬಂದಿ. ಹೊರಡುವ ಮುಂಚೆ ಮಂಡಿಯವರೆಗೆ ಬರುವ ದಪ್ಪ ಬಟ್ಟೆಯ ಕಾಲುಚೀಲ ಕೊಡುತ್ತಾರೆ. ಇದು ಉಂಬಳ, ಅಂದರೆ ಜಿಗಣೆ, ಹತ್ತದಿರಲೆಂದು. ಮಲೆನಾಡಿನವರಿಗೆ ಉಂಬಳದ ಕಾಟ ಹೊಸದಲ್ಲ. ಪ್ಯಾಂಟನ್ನು ಈ ಚೀಲದ ಒಳಗೆ ತೂರಿಸಿ ಮಂಡಿಯ ಕೆಳಗೆ ಬಿಗಿಯಾಗಿ ಕಟ್ಟಬೇಕು. ಕಟ್ಟು ಸಡಿಲವಾದರೆ ಚೀಲ ಜಾರಿ, ಉಂಬಳ ಮೇಲಿನಿಂದ ಒಳಗೆ ಇಳಿಯುತ್ತದೆ. ಹೆಚ್ಚಿನವರು ಕಚ್ಚಿಸಿಕೊಳ್ಳುವುದು ಈ ಒಂದು ತಪ್ಪಿನಿಂದಲೇ.

ತೆಪ್ಪ ಎಂದರೆ ಬಿದಿರಿನ ಗಳಗಳನ್ನು ಒತ್ತಾಗಿ ಜೋಡಿಸಿ ಕಟ್ಟಿದ್ದು. ಕೂರುವ ಜಾಗ ಬಿದಿರಿನಲ್ಲೇ ಸ್ವಲ್ಪ ಎತ್ತರಕ್ಕಿದೆ. ತೂಕ ಬಿದ್ದ ಕೂಡಲೇ ಕೆಳಗಿನ ಗಳಗಳ ಸಂದಿಯಿಂದ ನೀರು ಮೇಲೆ ಬಂದು ಪಾದ ಮುಟ್ಟುತ್ತದೆ. ತೆಪ್ಪ ಮುಳುಗುತ್ತಿದೆ ಎಂದು ಗಾಬರಿಯಾಗಬೇಕಿಲ್ಲ, ಅದು ತೇಲುವ ರೀತಿಯೇ ಅದು. ಬೇಗ ಒಣಗುವ ಬೂಟು ಹಾಕಿಕೊಂಡರೆ ಆಯಿತು. ಇಂಜಿನ್ ಇಲ್ಲ, ಹಾಗಾಗಿ ಹುಟ್ಟಿನ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದಾಗ ನೀರಲ್ಲಿ ನಿಂತ ಮರಗಳ ಒಣ ಬೊಡ್ಡೆಗಳು ಇವತ್ತಿಗೂ ತಲೆ ಎತ್ತಿಕೊಂಡಿವೆ. ಅವುಗಳ ತುದಿಯಲ್ಲಿ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದನ್ನು ತೆಪ್ಪದಿಂದ ಕೆಲವೇ ಮಾರು ದೂರದಲ್ಲಿ ನೋಡಬಹುದು. ದಡದ ಹುಲ್ಲಿನಲ್ಲಿ ಆನೆ, ಕಾಟಿ, ಕಡವೆ, ಅದೃಷ್ಟವಿದ್ದರೆ ನೀರುನಾಯಿಗಳ ಹಿಂಡು. ಹುಲಿ ಕಾಣುತ್ತದೆಂದು ಹೋಗಬೇಡಿ, ಕಾಣುವುದು ತೀರಾ ಅಪರೂಪ.

ಲೈಫ್ ಜಾಕೆಟ್ ಬಗ್ಗೆ ರಿಯಾಯಿತಿ ಕೇಳಲೇಬೇಡಿ. 2009ರ ಸೆಪ್ಟೆಂಬರ್ 30ರಂದು ಇದೇ ಜಲಾಶಯದಲ್ಲಿ ಪ್ರವಾಸಿ ಬೋಟೊಂದು ಮಗುಚಿ 45 ಜನ ಸತ್ತರು. ಪ್ರಾಣಿ ಕಂಡಾಗ ಎಲ್ಲರೂ ಒಂದೇ ಪಕ್ಕಕ್ಕೆ ಹೋಗುವುದು ಬೋಟಿನಲ್ಲೂ ತೆಪ್ಪದಲ್ಲೂ ಒಂದೇ ಅಪಾಯ. ಮಾರ್ಗದರ್ಶಕರು ಕೂರಿ ಎಂದರೆ ಕೂರಬೇಕು.

ಇನ್ನು ಈ ಮಾರ್ಗದರ್ಶಕರು ಯಾರು ಎನ್ನುವುದು. ಸೇವೆಯ ಬೆಲೆ ಇರುವುದೇ ಅಲ್ಲಿ.

ಪೆರಿಯಾರ್ ಕಾಡಿನಲ್ಲಿ ವಯಣ ಎಂಬ ಮರವಿದೆ. ನಾವು ಪಲಾವಿಗೆ ಹಾಕುವ ಚಕ್ಕೆಯ ಕಾಡುಜಾತಿ ಅದು. ಎಲೆಯಲ್ಲಿ ಬುಡದಿಂದ ತುದಿಗೆ ಮೂರು ನರ ಎದ್ದು ಕಾಣುತ್ತವೆ, ಹಿಸುಕಿದರೆ ಚಕ್ಕೆಯದೇ ಘಮ. ಇದರ ತೊಗಟೆಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ. ಕಾಂಡದ ಸುತ್ತಲೂ ತೊಗಟೆ ಸುಲಿದರೆ ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವ ದಾರಿ ಕಡಿದುಹೋಗಿ ಮರ ನಿಂತಲ್ಲೇ ಒಣಗುತ್ತದೆ. ಅರಣ್ಯ ಇಲಾಖೆ ವರ್ಷಗಟ್ಟಲೆ ಬೆನ್ನಟ್ಟಿದ್ದ ತೊಗಟೆ ಕಳ್ಳರ ಪೈಕಿ 23 ಜನ 1990ರ ದಶಕದ ಕೊನೆಗೆ ಇಲಾಖೆಯ ಜೊತೆ ಒಪ್ಪಂದಕ್ಕೆ ಬಂದರು: ಕಾಡಿಗೆ ನುಸುಳುವ ದಾರಿಗಳನ್ನೂ ಜಾಲವನ್ನೂ ತೋರಿಸಿಕೊಡುತ್ತೇವೆ, ನಮಗೊಂದು ಬದುಕು ಕೊಡಿ. ಹೀಗೆ ಹುಟ್ಟಿದ್ದು 'ಮಾಜಿ ವಯಣ ತೊಗಟೆ ಸಂಗ್ರಾಹಕರ' ಪರಿಸರ ಅಭಿವೃದ್ಧಿ ಸಮಿತಿ, ಅಲ್ಲಿನವರ ಬಾಯಲ್ಲಿ ಇಡಿಸಿ. ಅವರ 'ಟೈಗರ್ ಟ್ರೇಲ್' ಚಾರಣದಲ್ಲಿ 5 ಪ್ರವಾಸಿಗರಿಗೆ 5 ಮಾರ್ಗದರ್ಶಕರು, ಜೊತೆಗೊಬ್ಬ ಶಸ್ತ್ರಧಾರಿ ಸಿಬ್ಬಂದಿ. ಒಂದು ಅಥವಾ ಎರಡು ರಾತ್ರಿ ಕಾಡಿನಲ್ಲೇ ಡೇರೆಯಲ್ಲಿ ತಂಗುವುದು.

ಐವರಿಗೆ ಐವರು ಏಕೆ, ದುಬಾರಿಯಲ್ಲವೇ ಎಂದು ಅನಿಸಬಹುದು. ಈ ಲೆಕ್ಕದಲ್ಲೇ ಯೋಜನೆಯ ಗುಟ್ಟಿದೆ. ಪ್ರವಾಸಿಗರು ನಡೆಯುವ ಜಾಡು ಹಿಂದೆ ಕಳ್ಳರು ಬಳಸುತ್ತಿದ್ದ ಪ್ರದೇಶದಲ್ಲೇ ಹಾದುಹೋಗುತ್ತದೆ. ತಂಡ ಹೋಯಿತೆಂದರೆ ಅದು ಗಸ್ತೂ ಹೌದು. ಉರುಳು, ಬೆಂಕಿಯ ಗುರುತು, ಹೊಸ ಹೆಜ್ಜೆ ಯಾವುದೂ ಇವರ ಕಣ್ಣು ತಪ್ಪುವುದಿಲ್ಲ, ಏಕೆಂದರೆ ಒಂದು ಕಾಲಕ್ಕೆ ಅವನ್ನು ಬಚ್ಚಿಡುವುದು ಹೇಗೆಂದು ಕಲಿತವರೇ ಇವರು. ರಾತ್ರಿ ಹೊತ್ತಿನ ಮೂರು ಗಂಟೆಯ 'ಜಂಗಲ್ ಸ್ಕೌಟ್' ನಡಿಗೆಯ ತರ್ಕವೂ ಇದೇ. ಪ್ರವಾಸಿ ದುಡ್ಡು ಕೊಟ್ಟು ಸೇರಿಕೊಳ್ಳುವುದು ಕಾವಲು ಸುತ್ತಿಗೆ. ಸಫಾರಿ ಜೀಪು ನಿಂತರೆ ಕಾವಲಿಗೆ ಏನೂ ಕೊರತೆಯಾಗದು, ಇಲ್ಲಿ ಪ್ರವಾಸ ನಿಂತರೆ ಗಸ್ತು ಕಡಿಮೆಯಾಗುತ್ತದೆ. ಪ್ರವಾಸವೂ ಸಂರಕ್ಷಣೆಯೂ ಬೆಸೆದಿವೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಸರಳ ಅಳತೆಗೋಲು ಬೇರೆ ಇಲ್ಲ.

ಹಣದ ಹರಿವು ಎರಡನೆಯ ವಿಷಯ. ಚಾರಣ, ತೆಪ್ಪಗಳ ಆದಾಯ ಸಮಿತಿಯ ನಿಧಿಗೆ ಬರುತ್ತದೆ. ಸದಸ್ಯರಿಗೆ ಕೂಲಿ ಅದರಿಂದ, ಉಳಿಕೆ ಸಮುದಾಯದ ಕೆಲಸಕ್ಕೆ. ಇವತ್ತು ಪ್ರವಾಸಿಗರು ಬಂದರು, ಇವನಿಗೆ ಸಿಕ್ಕಿತು, ಅವನಿಗಿಲ್ಲ ಎನ್ನುವ ಜಗಳಕ್ಕೆ ಅಲ್ಲಿ ಎಡೆ ಕಡಿಮೆ. ನಮ್ಮಲ್ಲಿ ಹಲವು ಜಲಪಾತ, ಬೆಟ್ಟಗಳ ಬಳಿ ಮಾರ್ಗದರ್ಶಕರು ತಲೆಗಿಷ್ಟು ಎಂದು ದುಡಿಯುತ್ತಾರೆ. ಆಗ ಹೆಚ್ಚು ತಲೆ ಬಂದಷ್ಟೂ ಲಾಭ, ಮಿತಿ ಮೀರಿದರೆ ಬೇಡವೆನ್ನಲು ಯಾರಿಗೂ ಮನಸ್ಸಿರುವುದಿಲ್ಲ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಹಾಕುವ ಮುಂಚೆ ದುಡಿಯುವವರ ಕೂಲಿಯನ್ನು ತಲೆಯೆಣಿಕೆಯಿಂದ ಬಿಡಿಸಬೇಕು. ಕ್ರಮ ತಿರುಗುಮುರುಗಾದರೆ ಮಿತಿ ಕಾಗದದ ಮೇಲೆ ಉಳಿಯುತ್ತದೆ.

ಇದೆಲ್ಲ ತಾನಾಗಿ ಆಗಿದ್ದಲ್ಲ. 1996ರಿಂದ 2004ರವರೆಗೆ ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನಲ್ಲಿ 'ಭಾರತ ಪರಿಸರ ಅಭಿವೃದ್ಧಿ ಯೋಜನೆ' ನಡೆಯಿತು. ಆಯ್ಕೆಯಾದದ್ದು ಏಳು ಕಾಡು: ಪೆರಿಯಾರ್, ನಾಗರಹೊಳೆ, ಗಿರ್, ರಣಥಂಬೋರ್, ಪೆಂಚ್, ಪಲಾಮು, ಬಕ್ಸಾ. ಕೆಲಸದ ಬುನಾದಿ ಊರಿಗೊಂದು ಸೂಕ್ಷ್ಮ ಯೋಜನೆ. ಯಾವ ಮನೆ ಕಾಡಿನಿಂದ ಏನು ತರುತ್ತದೆ, ಸೌದೆಯೇ, ಹುಲ್ಲೇ, ಮೀನೇ, ತೊಗಟೆಯೇ, ಏಕೆ ತರುತ್ತದೆ ಎಂದು ಮನೆಮನೆ ಲೆಕ್ಕ ಹಾಕುವುದು. ಆಮೇಲೆ ಎರಡೂ ಕಡೆಯ ಒಪ್ಪಂದ: ಇಲಾಖೆ ಇದನ್ನು ಕೊಡುತ್ತದೆ, ಊರು ಪ್ರತಿಯಾಗಿ ಇದನ್ನು ಮಾಡುತ್ತದೆ. ವೆಚ್ಚದಲ್ಲಿ 25 ಪ್ರತಿಶತವನ್ನು ಫಲಾನುಭವಿಗಳೇ ಹಣವಾಗಿಯೋ ದುಡಿಮೆಯಾಗಿಯೋ ಹಾಕಬೇಕಿತ್ತು.

'ಏಕೆ' ಎಂದು ಕೇಳಿದ್ದು ಎಷ್ಟು ಮುಖ್ಯ ಎನ್ನುವುದಕ್ಕೆ ಪೆರಿಯಾರ್ ಕಾಡಂಚಿನ ಮನ್ನಾನ್ ಬುಡಕಟ್ಟು ಸಮುದಾಯದ ಮೆಣಸಿನ ಕಥೆ ಸಾಕ್ಷಿ. ಅವರ ಹಿತ್ತಿಲಲ್ಲಿ ಕರಿಮೆಣಸು ಚೆನ್ನಾಗಿ ಬೆಳೆಯುತ್ತಿತ್ತು, ಆದರೆ ಮುಂಗಡ ಸಾಲ ಕೊಟ್ಟ ವ್ಯಾಪಾರಿಗಳ ಕೈಯಲ್ಲಿ ಫಸಲು ಸಿಕ್ಕಿಬಿದ್ದಿತ್ತು. ಸ್ವಂತ ಬೆಳೆ ಕೈಗೆ ಬಾರದವರು ಹೊಟ್ಟೆಪಾಡಿಗೆ ಕಾಡಿಗೆ ಕೈಯಿಟ್ಟರು. ಸಮಿತಿಯ ಮೂಲಕ ಸಾಲ ತೀರಿಸಿ, ಬೆಳೆಯನ್ನು ಬಿಡಿಸಿಕೊಂಡು, ಒಟ್ಟಾಗಿ ಮಾರುವ ಏರ್ಪಾಟು ಮಾಡಿದ ಮೇಲೆ ಕಾಡಿನ ಮೇಲಿನ ಒತ್ತಡ ತಗ್ಗಿತು. ಪ್ರವಾಸೋದ್ಯಮವೊಂದೇ ಮದ್ದು ಎಂದುಕೊಂಡಿದ್ದರೆ ಈ ಗಂಟು ಬಿಚ್ಚುತ್ತಲೇ ಇರಲಿಲ್ಲ. 2002ರಿಂದ 'ವಸಂತ ಸೇನೆ'ಯ ಹೆಣ್ಣುಮಕ್ಕಳು ಸಂಬಳವಿಲ್ಲದೆ ಸರದಿಯ ಮೇಲೆ ಕಾಡಂಚಿನ ಗಸ್ತು ಮಾಡುತ್ತಿರುವುದೂ ಈ ನಂಟಿನ ಫಲವೇ. ಅವರ ಬಗ್ಗೆ ಗೌರವವಲ್ಲದೆ ಬೇರೆ ಮಾತು ಬರುವುದಿಲ್ಲ.

ಹೊರಗಿನ ಹಣ 2004ಕ್ಕೆ ನಿಂತಿತು. ಇಂಥ ಯೋಜನೆಗಳು ಮಲಗುವುದು ಸಾಮಾನ್ಯವಾಗಿ ಈ ಹಂತದಲ್ಲೇ. ಕಟ್ಟಡ ಉಳಿಯುತ್ತದೆ, ಬೋರ್ಡು ಉಳಿಯುತ್ತದೆ, ಕೆಲಸ ಮಾಡುವವರಿಗೆ ಕೂಲಿ ಇರುವುದಿಲ್ಲ. ಪೆರಿಯಾರ್‌ನಲ್ಲಿ ಅದೇ ಸಮಯಕ್ಕೆ 'ಪೆರಿಯಾರ್ ಫೌಂಡೇಶನ್' ಎಂಬ ಸರ್ಕಾರಿ ಟ್ರಸ್ಟ್ ಕಟ್ಟಿ, ಪ್ರವಾಸಿಗರಿಂದ ಪರಿಸರ ಅಭಿವೃದ್ಧಿ ಮೇಲ್ಶುಲ್ಕ ಪಡೆದು ಅಲ್ಲೇ ಖರ್ಚು ಮಾಡುವ ದಾರಿ ಮಾಡಿಕೊಂಡರು. ರಾಜ್ಯದ ಬೊಕ್ಕಸಕ್ಕೆ ಹೋಗಿ ಮುಂದಿನ ಬಜೆಟ್‌ನಲ್ಲಿ ಬರಲೆಂದು ಕಾಯಬೇಕಿಲ್ಲ. ವನ್ಯಜೀವಿ ಕಾಯ್ದೆಗೆ 2006ರಲ್ಲಿ ಬಂದ ತಿದ್ದುಪಡಿ ಎಲ್ಲ ಹುಲಿ ಸಂರಕ್ಷಿತ ಪ್ರದೇಶಗಳಿಗೂ ಇಂಥದ್ದೇ ಪ್ರತಿಷ್ಠಾನಕ್ಕೆ ಅವಕಾಶ ಕೊಟ್ಟಿತು. ಅಂದರೆ ಬಂಡೀಪುರದಲ್ಲೂ ನಾಗರಹೊಳೆಯಲ್ಲೂ ಕಾನೂನಿನ ಅಡ್ಡಿ ಇಲ್ಲ.

ಹಾಗಾದರೆ ಅದೇ ಯೋಜನೆಯಲ್ಲಿದ್ದ ನಾಗರಹೊಳೆಯಲ್ಲಿ ಹೀಗೇಕೆ ಆಗಲಿಲ್ಲ? ಕನ್ನಡಿಗರು ಕೇಳಲೇಬೇಕಾದ ಪ್ರಶ್ನೆ. ಪೆರಿಯಾರ್‌ನ ಮನ್ನಾನ್, ಪಳಿಯನ್ ಹಾಡಿಗಳು ಮೊದಲೇ ಕಾಡಿನ ಅಂಚಿನಲ್ಲಿದ್ದವು. ನಾಗರಹೊಳೆಯಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಕಾಡಿನ ಒಳಗೇ ಇದ್ದರು. ಯೋಜನೆ ಅವರ ಕಣ್ಣಿಗೆ ಒಕ್ಕಲೆಬ್ಬಿಸುವ ಸಂಚಾಗಿ ಕಂಡಿತು. ಅದೇ ಹೊತ್ತಿಗೆ ಕಾಡೊಳಗಿನ ಮುರ್ಕಲ್‌ನಲ್ಲಿ ದೊಡ್ಡ ಹೋಟೆಲ್ ಕಂಪನಿಗೆ ರೆಸಾರ್ಟ್ ನಡೆಸಲು ಗುತ್ತಿಗೆ ಕೊಡಲಾಗಿತ್ತು. ಬುಡಕಟ್ಟು ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. 1997ರಲ್ಲಿ ಕರ್ನಾಟಕ ಹೈಕೋರ್ಟ್, ಕೇಂದ್ರದ ಒಪ್ಪಿಗೆ ಇಲ್ಲದ ಆ ಗುತ್ತಿಗೆ ಊರ್ಜಿತವಲ್ಲ ಎಂದಿತು. 1998ರಲ್ಲಿ ಪರಿಸರ ಅಭಿವೃದ್ಧಿ ಯೋಜನೆಯ ಮೇಲೆಯೇ ವಿಶ್ವಬ್ಯಾಂಕಿನ ಪರಿಶೀಲನಾ ಸಮಿತಿಗೆ ದೂರು ಹೋಯಿತು. ನೀವು ಹೊರಡಿ ಎಂದು ಹಾಡಿಯವರಿಗೆ ಹೇಳುವ ಬಾಯಲ್ಲೇ ಹೋಟೆಲಿನವರಿಗೆ ಬನ್ನಿ ಎಂದರೆ ಯಾವ ಸೂಕ್ಷ್ಮ ಯೋಜನೆಯನ್ನೂ ಜನ ನಂಬುವುದಿಲ್ಲ. ಹಕ್ಕಿನ ಮಾತು ಮುಗಿಯದೆ ಪ್ರವಾಸದ ಮಾತು ಎತ್ತಬಾರದು.

ಪೆರಿಯಾರ್ ಸೇವೆಯಲ್ಲಿ ಕೊರತೆಗಳೂ ಇವೆ. ಪ್ರವಾಸಿಗರ ದೊಡ್ಡ ಪಾಲು ಇಂದಿಗೂ ಇಂಜಿನ್ ಬೋಟುಗಳದು. ಅಲ್ಲಿ ಪ್ರವಾಸಿಗೂ ಕಾವಲಿಗೂ ನಂಟಿಲ್ಲ. ತಂಡ ಚಿಕ್ಕದಾದ್ದರಿಂದ ತೆಪ್ಪ, ಚಾರಣಗಳಿಗೆ ಸಿಗುವ ಜಾಗ ಕಡಿಮೆ, ರಜೆಯ ದಿನಗಳಲ್ಲಿ ಬೇಗ ತುಂಬಿಹೋಗುತ್ತವೆ. ಕುಮಿಳಿ ಪೇಟೆ ಹೋಟೆಲುಗಳಿಂದ ಇಡಿಕಿರಿದಿದೆ. ಕಾಡಿನ ಒಳಗೆ ಬಿಗಿ, ಗೇಟಿನ ಆಚೆ ಕಸಕ್ಕೂ ಕಟ್ಟಡಕ್ಕೂ ಅದೇ ಬಿಗಿ ಇಲ್ಲ. ನೀರೊಳಗೂ ತೊಂದರೆಯಿದೆ: ಹೊರಗಿನಿಂದ ಬಂದ ತಿಲಾಪಿಯಾ, ಕಾಮನ್ ಕಾರ್ಪ್‌ಗಳು ಇಲ್ಲಿಗೇ ಸೀಮಿತವಾದ ಮೀನುಗಳಿಗೆ ಪೈಪೋಟಿ ಕೊಡುತ್ತಿವೆ. ತೆಪ್ಪದ ಮೇಲಿನ ವಿವರಣೆಯಲ್ಲಿ ಆನೆಗೆ ಸಿಗುವ ಮಾತಿನ ಕಾಲು ಭಾಗವಾದರೂ ಈ ಮೀನುಗಳಿಗೆ ಸಿಗಬೇಕು.

ಹೋಗುವವರಿಗೆ ಬೇಕಾದ ವಿವರ. ಕುಮಿಳಿ ಪೇಟೆಯಲ್ಲಿ 'ಜಂಗಲ್ ಸಫಾರಿ' ಎಂದು ಜೀಪು ಮಾರುವವರು ಎದುರಾಗುತ್ತಾರೆ. ಹೆಚ್ಚಿನವು ಸಂರಕ್ಷಿತ ಪ್ರದೇಶದ ಹೊರಗೆ ಸುತ್ತಿಸುವ ಖಾಸಗಿ ಜೀಪುಗಳು. ಆ ದುಡ್ಡು ಸಮಿತಿಗೆ ಹೋಗುವುದಿಲ್ಲ. ಟಿಕೆಟನ್ನು ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಅಥವಾ ಪರಿಸರ ಪ್ರವಾಸ ಕೇಂದ್ರದಲ್ಲಿ ಮಾತ್ರ ಮಾಡಿಸಿ, ಗುರುತಿನ ಚೀಟಿ ಒಯ್ಯಿರಿ. ಸ್ವಂತ ವಾಹನ ಬೋಟು ಕಟ್ಟೆಯವರೆಗೆ ಹೋಗುವುದಿಲ್ಲ, ಆನವಚ್ಚಾಲ್‌ನಲ್ಲಿ ನಿಲ್ಲಿಸಿ ಇಲಾಖೆಯ ಬಸ್ಸು ಹತ್ತಬೇಕು. ಎಂಟಕ್ಕೆ ತಲುಪಬೇಕಾದವರು ಈ ಬಸ್ಸಿನ ಸಮಯ ಕೂಡಿಸಿಕೊಳ್ಳದೆ ತಡಮಾಡಿಕೊಳ್ಳುತ್ತಾರೆ. ತಂಡ ಕಾಯುವುದಿಲ್ಲ.

ಬಟ್ಟೆ ಹಸಿರು ಅಥವಾ ಮಣ್ಣಿನ ಬಣ್ಣದ್ದಿರಲಿ. ಸುಗಂಧ ಬೇಡ. ಮಧ್ಯಾಹ್ನ ನೀರಿನ ಮೇಲೆ ನೆರಳಿಲ್ಲ, ಟೋಪಿ ಬೇಕೇ ಬೇಕು. ಭಾಷೆಯ ವಿಷಯಕ್ಕೆ ಬಂದರೆ, ಮಾರ್ಗದರ್ಶಕರು ಮಲಯಾಳಂ, ತಮಿಳು ಚೆನ್ನಾಗಿ ಬಲ್ಲವರು, ಇಂಗ್ಲಿಷ್ ಅಷ್ಟಕ್ಕಷ್ಟೆ. ಹರಕುಮುರಕು ತಮಿಳು ಬಂದರೂ ಕಾಡಿನ ಮಾತು ಎಷ್ಟೋ ತೆರೆದುಕೊಳ್ಳುತ್ತದೆ.

ಹೊರಡುವ ಮುಂಚೆ ಜಲಾಶಯದ ಮಟ್ಟ ವಿಚಾರಿಸಿ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ 142 ಅಡಿವರೆಗೆ ನೀರು ನಿಲ್ಲಿಸಬಹುದು. ನೀರು ತುಂಬಿದಾಗ ದಡದ ಹುಲ್ಲು ಮುಳುಗಿ ಪ್ರಾಣಿಗಳು ಮರಗಳ ಒಳಗೆ ಸರಿಯುತ್ತವೆ, ತೆಪ್ಪದಿಂದ ಕಾಣುವುದು ಕಡಿಮೆ. ಬೇಸಿಗೆಯಲ್ಲಿ ನೀರು ಇಳಿದು ಹುಲ್ಲು ಚಿಗುರಿದಾಗ ಆನೆಗಳು ದಡಕ್ಕೆ ಬರುತ್ತವೆ, ಆದರೆ ತೆಪ್ಪ ಕಟ್ಟುವ ಜಾಗ ಹಿಂದೆ ಸರಿದಿರುವುದರಿಂದ ಕೆಸರು ದಾಟಿ ಹೆಚ್ಚು ನಡೆಯಬೇಕು. ಮಂಡಿನೋವಿನ ಹಿರಿಯರು, ಪುಟ್ಟ ಮಕ್ಕಳು ಜೊತೆಗಿದ್ದರೆ ತೆಪ್ಪ ಬಿಟ್ಟು ಇದೇ ಸಮಿತಿಗಳು ನಡೆಸುವ ಮೂರು ಗಂಟೆಯ ಬೆಳಗಿನ ನಡಿಗೆ ಆರಿಸಿಕೊಳ್ಳಿ. ವಯಣ ಮರ ಅಲ್ಲೂ ಕಾಣುತ್ತದೆ, ಕೇಳಿದರೆ ತೋರಿಸುತ್ತಾರೆ.