ಬರ್ಕ್ಲಿ ಮಾಡೆಲ್ ಯುಎನ್: ಮಕ್ಕಳನ್ನು ಕಳಿಸಬಹುದಾ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹೈಸ್ಕೂಲ್ ಮಕ್ಕಳಿರುವ ಗೆಳೆಯರು ನನ್ನನ್ನು ಆಗಾಗ ಕೇಳುತ್ತಾರೆ: ಬರ್ಕ್ಲಿ ಮಾಡೆಲ್ ಯುಎನ್ ಸುಮ್ನೆ ದುಡ್ಡು ದಂಡವಾ? ಅಲ್ಲ. ಆದರೆ ಕಾಲೇಜ್ ಅರ್ಜಿಯಲ್ಲಿ ಒಂದು ಸಾಲು ತುಂಬಿಸೋಕೆ ಅಂತಾದರೆ ಕಳಿಸಬೇಡಿ.

ಮಕ್ಕಳು ಒಂದೊಂದು ದೇಶದ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯ ಥರ ಸಭೆ ನಡೆಸುವ ಈ ಸಮ್ಮೇಳನ 1952ರಲ್ಲಿ ಶುರುವಾಗಿದ್ದು. ನಡೆಸುವವರು ಯುಸಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಹತ್ತೊಂಬತ್ತು, ಇಪ್ಪತ್ತರ ಹುಡುಗ ಹುಡುಗಿಯರೇ ಚೇರ್, ಅಂದರೆ ಅಧ್ಯಕ್ಷರಾಗಿ ಕೂತು ಕಮಿಟಿ ನಡೆಸುತ್ತಾರೆ.

ನನ್ನ ಮಗಳಿಗೆ ಸಿಕ್ಕಿದ್ದು ಲಾವೋಸ್. ಚರ್ಚೆ, ಹಲವು ದೇಶಗಳಲ್ಲಿ ಹರಿಯುವ ನದಿಗಳ ಬಗ್ಗೆ. ಅಮೆರಿಕವೋ ಚೀನಾವೋ ಸಿಗಲಿಲ್ಲ ಅಂತ ಮುಖ ಊದಿಸಿಕೊಂಡಿದ್ದಳು. ಆಮೇಲೆ ಚರ್ಚೆಯ ವಿಷಯದ ಬಗ್ಗೆ ಮೊದಲೇ ಕೊಡುವ ಬ್ಯಾಕ್‌ಗ್ರೌಂಡ್ ಗೈಡ್ ಓದುತ್ತಾ ಹೋದ ಹಾಗೆ ರುಚಿ ಹತ್ತಿತು. ಮೆಕಾಂಗ್ ನದಿಗೆ ಲಾವೋಸ್ ಕಟ್ಟಿದ ಸಯಾಬುರಿ ಅಣೆಕಟ್ಟು 1,285 ಮೆಗಾವ್ಯಾಟಿನದು. 2019ರಿಂದ ಕರೆಂಟ್ ಕೊಡುತ್ತಿದೆ, ಅದರಲ್ಲಿ ಬಹುಪಾಲು ಹೋಗುವುದು ಥಾಯ್ಲೆಂಡಿಗೆ. ಮೀನು ಕಮ್ಮಿಯಾಗುತ್ತೆ, ಮೆಕ್ಕಲು ಮಣ್ಣು ಬರೋದಿಲ್ಲ ಅನ್ನೋದು ಕೆಳಗಿನ ಕಾಂಬೋಡಿಯಾ, ವಿಯೆಟ್ನಾಂ ಕಡೆಯ ತಕರಾರು. 1995ರ ಮೆಕಾಂಗ್ ಒಪ್ಪಂದದ ಪ್ರಕಾರ ಇಂಥ ಯೋಜನೆಯನ್ನು ಮೊದಲೇ ತಿಳಿಸಿ ಚರ್ಚಿಸಬೇಕು. ಆದರೆ ಬೇಡ ಅಂತ ತಡೆಯುವ ವೀಟೋ ಯಾರಿಗೂ ಇಲ್ಲ. ನಾನು ಮಂಡ್ಯ ಕಡೆಯವನು. ಮೇಲಿನವರ ಪರ ವಾದ ನಮ್ಮ ಮನೆಗೆ ಹೊಸದಾ? ನಾಲ್ಕು ಪಾಯಿಂಟ್ ಹೇಳಿಕೊಡೋಕೆ ಹೋದೆ. "ಅಪ್ಪಾ, ಅಲ್ಲಿ ನಿನ್ನ ಥರ ಕೂಗಾಡೋ ಹಾಗಿಲ್ಲ" ಅಂದಳು.

ಕೂಗಾಡೋ ಹಾಗಿಲ್ಲ, ನಿಜ. ದೇಶದ ಹೆಸರಿನ ಪ್ಲಕಾರ್ಡ್ ಎತ್ತಬೇಕು, ಕರೆದರೆ ಮಾತ್ರ ಮಾತು, ಅದೂ ಸೆಕೆಂಡುಗಳ ಲೆಕ್ಕದಲ್ಲಿ. ಅಸಲಿ ಆಟ 'ಅನ್‌ಮಾಡ್', ಅಂದರೆ ಚೇರ್ ಕರೆಯೋದನ್ನು ಕಾಯದೆ ಮಾತಾಡುವ ಬಿಡುಚರ್ಚೆ ಶುರುವಾದ ಮೇಲೆ. ಎಲ್ಲರೂ ಎದ್ದು ಗುಂಪು ಕಟ್ಟಿ, ಲ್ಯಾಪ್‌ಟಾಪ್ ಸುತ್ತ ನಿಂತು ನಿರ್ಣಯ ಬರೆಯುತ್ತಾರೆ. ಇನ್ನೊಂದು ಊರಿನ ಮಾಡೆಲ್ ಯುಎನ್‌ಗೆ ಹೋದಾಗ ಚೇರ್ ತನ್ನ ಪರಿಚಯದವರನ್ನೇ ಕರೆಯುತ್ತಿದ್ದನಂತೆ. ಮಗಳ ಸರದಿ ಬರೋ ಹೊತ್ತಿಗೆ ಊಟದ ಬ್ರೇಕ್! ಬರ್ಕ್ಲಿಯ ಚೇರ್ ಹಿಂದಿನ ಸಾಲಿನ ಪುಟ್ಟ ದೇಶಗಳನ್ನೂ ಹುಡುಕಿ ಕರೆದಳು, ದೇಶದ ನಿಲುವನ್ನು ಮಕ್ಕಳು ಬರೆದುಕೊಡುವ ಪೊಸಿಷನ್ ಪೇಪರ್ ಮೇಲೆ ನಾಲ್ಕು ಸಾಲು ಅಭಿಪ್ರಾಯವನ್ನೂ ಬರೆದುಕೊಟ್ಟಳು. ನಾನು ಕೊಟ್ಟ ದುಡ್ಡು ಅಲ್ಲಿಗೇ ವಸೂಲಿ. ಪ್ರಶಸ್ತಿ ಏನೂ ಬರಲಿಲ್ಲ.

ಫಾರ್ಮಲ್ಸ್ ಕಡ್ಡಾಯ. ಹೊಸ ಬ್ಲೇಜರ್ ಕೊಳ್ಳಬೇಡಿ, ಯಾರ ಹತ್ತಿರವಾದರೂ ಇಸ್ಕೊಳ್ಳಿ. ಹೀಲ್ಸ್ ಅಂತೂ ಬೇಡವೇ ಬೇಡ, ಕ್ಯಾಂಪಸ್ ಪೂರ್ತಿ ಏರು. ಪಾರ್ಕಿಂಗ್‌ಗೆ ಒದ್ದಾಡುವ ಬದಲು ಬಾರ್ಟ್ ರೈಲು ಹತ್ತಿ ಡೌನ್‌ಟೌನ್ ಬರ್ಕ್ಲಿಯಲ್ಲಿ ಇಳಿಯಿರಿ.

ದೂರದಿಂದ ಬರುವವರು ಒಂದು ದಿನ ಜಾಸ್ತಿ ಉಳಿದು ಸ್ಯಾನ್ ಫ್ರಾನ್ಸಿಸ್ಕೋದ ವೆಟರನ್ಸ್ ಬಿಲ್ಡಿಂಗ್ ನೋಡಿ. 1945ರ ಜೂನ್ 26ರಂದು ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಬಿದ್ದಿದ್ದು ಅಲ್ಲೇ. ಭಾರತದ ಪರ ಸಹಿ ಮಾಡಿದ ರಾಮಸ್ವಾಮಿ ಮುದಲಿಯಾರ್ ಮರುವರ್ಷ ನಮ್ಮ ಮೈಸೂರಿನ ದಿವಾನರಾದರು. ಮಗಳಿಗೆ ಇದನ್ನು ಹೇಳಿದೆ. "ಅವರಿಗೂ ಬ್ಲೇಜರ್ ಕಡ್ಡಾಯ ಇತ್ತಾ?" ಅಂತ ಕೇಳಿದಳು.